ಕೂಲಿಗೆ ಹಾಕಿದ ಕಡಿವಾಣ

1348ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಕಾಲಿಟ್ಟ ಪ್ಲೇಗು ಎರಡೇ ವರ್ಷದಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮಾರಿ ಇನ್ನೂ ಊರೂರು ಸುತ್ತುತ್ತಿದ್ದಾಗಲೇ, 1349ರ ಜೂನ್ 18ರಂದು, ದೊರೆ ಮೂರನೆಯ ಎಡ್ವರ್ಡ್ ಕೂಲಿಗಾರರ ಮೇಲೆ ಆಜ್ಞೆ ಹೊರಡಿಸಿದ. 1351ರಲ್ಲಿ ಪಾರ್ಲಿಮೆಂಟು ಅದನ್ನು ಶಾಸನವಾಗಿಸಿ ಇನ್ನಷ್ಟು ಬಿಗಿ ಮಾಡಿತು. ಇವೆರಡರ ಮುಖ್ಯ ಕಲಮುಗಳ ಸಾರವೂ ವಿವರಣೆಯೂ ಇಲ್ಲಿವೆ.

1. ಅರವತ್ತರೊಳಗಿನ, ಮೈಯಲ್ಲಿ ಕಸುವಿದ್ದು ಸ್ವಂತ ಜಮೀನು, ಕಸುಬು ಇಲ್ಲದ ಗಂಡಸು ಹೆಂಗಸರು ಕರೆದವರ ಕೆಲಸಕ್ಕೆ ಹೋಗಬೇಕು.

ಬರಲೊಲ್ಲೆ ಎನ್ನುವವರು ಇದ್ದುದರಿಂದಲೇ ಈ ಕಲಮು ಬೇಕಾಯಿತು. ಆಳುಗಳು ಸತ್ತು ಹೊಲಗಳು ಬೀಳುಬಿದ್ದಾಗ ಬದುಕುಳಿದವರ ದುಡಿಮೆಗೆ ಬೆಲೆ ಬಂತು. ಜೀತದವರನ್ನೂ ಸ್ವತಂತ್ರರನ್ನೂ ಕಾನೂನು ಒಂದೇ ನೊಗಕ್ಕೆ ಹೂಡಿತು.

2. ಕೂಲಿ ಪ್ಲೇಗಿಗೆ ಮುಂಚೆ ಇದ್ದಷ್ಟೇ.

ಕಳೆ ಕೀಳುವವರಿಗೆ ದಿನಕ್ಕೆ 1 ಪೆನ್ನಿ. ಕೊಯ್ಲಿನವರಿಗೆ ಆಗಸ್ಟಿನ ಮೊದಲ ವಾರ 2, ಎರಡನೆಯ ವಾರದಿಂದ 3. ಮೇಲೆ ಊಟ ಕೇಳುವಂತಿಲ್ಲ. ಮಾಗಿದ ಪೈರು ಯಾರಿಗೂ ಕಾಯುವುದಿಲ್ಲ, ಕಾಳು ಉದುರಿಹೋಗುತ್ತದೆ. ಆ ಒಂದೆರಡು ವಾರಗಳಲ್ಲೇ ಕುಡುಗೋಲು ಹಿಡಿದವರ ಮಾತು ನಡೆಯುತ್ತಿತ್ತು. ಕಾನೂನು ಸರಿಯಾಗಿ ಅಲ್ಲಿಗೇ ಕೈ ಹಾಕಿತು.

3. ಅವಧಿಗೆ ಮುಂಚೆ ಕೆಲಸ ಬಿಟ್ಟವರಿಗೆ ಸೆರೆ.

ಪಕ್ಕದ ಊರಿನ ಒಡೆಯ ಒಂದು ಪೆನ್ನಿ ಹೆಚ್ಚು ಕೊಡುತ್ತೇನೆಂದರೆ ಆಳು ಹೊರಟುಬಿಡುತ್ತಿದ್ದ. ಅದನ್ನು ತಡೆಯಲು ಊರೂರಲ್ಲಿ ಕಾಲಿಗೆ ಹಾಕುವ ಕೋಳಗಳನ್ನು ಮಾಡಿಸಿದರು.

4. ಮೈ ಗಟ್ಟಿಯಿರುವ ಭಿಕ್ಷುಕರಿಗೆ ಭಿಕ್ಷೆ ಹಾಕಬಾರದು.

ಹಸಿವೆಯನ್ನೂ ದುಡಿಸುವ ಚಾಟಿಯಾಗಿ ಬಳಸಿದರು.

ಈ ಕಾನೂನುಗಳು ಹೊತ್ತಿಸಿದ ಕಿಚ್ಚು ಮೂವತ್ತು ವರ್ಷ ಬೂದಿ ಮುಚ್ಚಿಕೊಂಡೇ ಇತ್ತು. 1377ರಿಂದ ಮೂರು ಸಲ ತಲೆಗಂದಾಯ ಬಂತು. ಮೂರನೆಯದು ಹದಿನೈದು ದಾಟಿದವರಿಗೆ ತಲೆಗೆ 12 ಪೆನ್ನಿಯ ಲೆಕ್ಕದಲ್ಲಿತ್ತು. ಶಾಸನದ ದರದಲ್ಲಿ ಅದು ಕಳೆ ಕೀಳುವವಳ ಹನ್ನೆರಡು ದಿನದ ಕೂಲಿ. 1381ರ ಮೇ ಕೊನೆಗೆ ಎಸೆಕ್ಸ್‌ನ ಬ್ರೆಂಟ್‌ವುಡ್‌ನಲ್ಲಿ ಜನ ತಿರುಗಿಬಿದ್ದರು. ಜೀತದ ಲೆಕ್ಕವಿದ್ದ ಜಮೀನ್ದಾರಿ ಕಡತಗಳನ್ನು ಸುಟ್ಟರು. ಜೂನ್ 14ರಂದು ಲಂಡನ್ನಿನ ಹೊರಗೆ ಮೈಲ್ ಎಂಡ್‌ನಲ್ಲಿ ಹದಿನಾಲ್ಕರ ಹುಡುಗ ದೊರೆ ಎರಡನೆಯ ರಿಚರ್ಡ್‌ನ ಮುಂದೆ ನಿಂತು, ಜೀತ ಹೋಗಬೇಕು, ಒಪ್ಪಂದವಿಲ್ಲದೆ ಯಾರೂ ಯಾರಿಗೂ ದುಡಿಯಬಾರದು ಎಂದು ಕೇಳಿದರು. ಮೊದಲನೆಯ ಕಲಮಿಗೆ ಇದೇ ನೇರ ಉತ್ತರ.

ದೊರೆ ಒಪ್ಪಿದ. ಮರುದಿನ ದೊರೆಯ ಕಡೆಯವರು ದಂಗೆಯ ನಾಯಕ ವಾಟ್ ಟೈಲರ್‌ನನ್ನು ಕೊಂದರು. ಜುಲೈಯಲ್ಲಿ ಕೊಟ್ಟ ಮಾತೂ ರದ್ದಾಯಿತು. ಆದರೆ ಸತ್ತ ಕೈಗಳನ್ನು ಯಾವ ಶಾಸನವೂ ಮರಳಿ ತರಲಾರದು. ಕೂಲಿ ಏರಿತು, 1500ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಜೀತ ಬಹುಮಟ್ಟಿಗೆ ಅಳಿದಿತ್ತು.