ನವೋದಯಕ್ಕೊಬ್ಬ ಮೇಷ್ಟ್ರು

ಮನೆಯಲ್ಲಿ ನಾಲ್ಕನೇ ತರಗತಿ ಮುಗಿಸಿದ ಮಗುವಿದ್ದರೆ ಬೇಸಿಗೆ ರಜೆಯಲ್ಲಿ ತಾಯಿಗೆ ಇನ್ನೊಂದು ಕೆಲಸ ಸೇರಿಕೊಳ್ಳುತ್ತದೆ. ಹಪ್ಪಳ ಸಂಡಿಗೆಯ ಜೊತೆಗೆ ಟ್ಯೂಷನ್ ಮೇಷ್ಟ್ರ ಹುಡುಕಾಟ. ನವೋದಯಕ್ಕೆ ಯಾರು ಚೆನ್ನಾಗಿ ತಯಾರು ಮಾಡುತ್ತಾರೆ, ಸೈನಿಕ ಶಾಲೆಗೆ ಯಾರು, ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಯಾರು ಎಂದು ಮದುವೆಮನೆಯ ಊಟದ ಸಾಲಿನಲ್ಲಿ, ಅರಿಶಿನ ಕುಂಕುಮಕ್ಕೆ ಹೋದಲ್ಲಿ, ಹಿಟ್ಟಿನ ಗಿರಣಿಯ ಮುಂದೆ ವಿಚಾರಣೆ ನಡೆಯುತ್ತದೆ. ಮಗಳಿಗೆ ಗಂಡು ನೋಡುವಾಗಲೂ ಇಷ್ಟು ಜನರನ್ನು ಕೇಳುವುದಿಲ್ಲವೇನೋ. ಆದರೆ ಗಂಡು ನೋಡುವಾಗ ಸ್ವಭಾವ ಹೇಗೆ ಎಂದಾದರೂ ಕೇಳುತ್ತೇವೆ. ಮೇಷ್ಟ್ರ ವಿಷಯದಲ್ಲಿ ಮಾತ್ರ ಪ್ರಶ್ನೆ ಒಂದೇ: "ಹೋದ ವರ್ಷ ಅವರಲ್ಲಿ ಎಷ್ಟು ಸೆಲೆಕ್ಷನ್ ಆಯಿತು?"

ನನ್ನ ತಕರಾರು ಇರುವುದೇ ಈ ಪ್ರಶ್ನೆಯ ಬಗ್ಗೆ.

ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ನೋಡುತ್ತೀರಿ. ಸಾಲಾಗಿ ಮಕ್ಕಳ ಫೋಟೋ, ಹೆಸರಿನ ಕೆಳಗೆ ಅಂಕ, ಮಧ್ಯದಲ್ಲಿ ಕೈಕಟ್ಟಿ ನಿಂತ ಮೇಷ್ಟ್ರು. ಹನ್ನೆರಡು ಮಕ್ಕಳು ಆಯ್ಕೆಯಾಗಿದ್ದಾರೆ ಅನ್ನೋಣ. ಎಷ್ಟು ಮಕ್ಕಳಲ್ಲಿ ಹನ್ನೆರಡು? ನಲವತ್ತರಲ್ಲಿ ಹನ್ನೆರಡಾದರೆ ಅದು ಬೇರೆ ಮಾತು, ನಾನೂರರಲ್ಲಿ ಹನ್ನೆರಡಾದರೆ ಬೇರೆ ಮಾತು. ಒಂದು ನವೋದಯ ಶಾಲೆಯ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಇನ್ನುಳಿದ ಮುನ್ನೂರ ಎಂಬತ್ತೆಂಟು ಮಕ್ಕಳ ಫೋಟೋ ಯಾರೂ ಹಾಕುವುದಿಲ್ಲ. ಒಂದೇ ಮಗುವಿನ ಮುಖ ಎರಡು ಕೇಂದ್ರಗಳ ಫ್ಲೆಕ್ಸಿನಲ್ಲಿ ನಗುತ್ತಿದ್ದುದನ್ನು ನಾನೇ ನೋಡಿದ್ದೇನೆ. ಒಂದು ಕಡೆ ಆರು ತಿಂಗಳು ಕಲಿತಿತ್ತು, ಇನ್ನೊಂದು ಕಡೆ ದುಡ್ಡು ಕೊಟ್ಟು ಮಾದರಿ ಪರೀಕ್ಷೆ ಬರೆದಿತ್ತು, ಅಷ್ಟೇ. ಇನ್ನು ಕೆಲವು ಕೇಂದ್ರಗಳು ಮಗುವನ್ನು ಸೇರಿಸಿಕೊಳ್ಳುವುದಕ್ಕೇ ಒಂದು ಪರೀಕ್ಷೆ ಇಡುತ್ತವೆ. ಚುರುಕಾದ ಮಕ್ಕಳನ್ನೇ ಆರಿಸಿ ತೆಗೆದುಕೊಂಡರೆ ಫಲಿತಾಂಶ ಬಾರದೆ ಏನಾಗುತ್ತದೆ? ಅದು ಕಲಿಸಿದ್ದರ ಫಲವೋ, ಆರಿಸಿದ್ದರ ಫಲವೋ?

ಮೇಷ್ಟ್ರನ್ನು ನೋಡುವ ಮೊದಲು ಪರೀಕ್ಷೆ ಎಂಥದ್ದೆಂದು ನೋಡಬೇಕಲ್ಲ. ನವೋದಯ ಶಾಲೆಗಳು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕೂಸು. 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಪ್ರಯೋಗಕ್ಕೆಂದು ಮೊದಲ ಎರಡು ಶಾಲೆ ತೆರೆದರು. ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲವೂ ಉಚಿತ. ಕನಿಷ್ಠ ಶೇಕಡಾ 75 ಸೀಟು ಹಳ್ಳಿಯ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರೀಕ್ಷೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ, ಅಂದರೆ 40 ಪ್ರಶ್ನೆ, ಬರೀ ಚಿತ್ರಗಳು: ಗುಂಪಿಗೆ ಸೇರದ ಆಕೃತಿ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಕಾಗದ ಮಡಿಸಿ ತೂತು ಹೊಡೆದು ಬಿಚ್ಚಿದರೆ ಎಲ್ಲೆಲ್ಲಿ ತೂತು ಬೀಳುತ್ತದೆ. ಉಳಿದದ್ದು ಅಂಕಗಣಿತದ 20, ಭಾಷೆಯ 20. ಚಿತ್ರಗಳಿಗೆ ಇಷ್ಟು ತೂಕ ಕೊಟ್ಟಿರುವುದಕ್ಕೆ ಕಾರಣವಿದೆ. ಮನೆಯಲ್ಲಿ ಪುಸ್ತಕವಿಲ್ಲದ, ಅಪ್ಪ ಅಮ್ಮ ಓದಿರದ ಹಳ್ಳಿಯ ಮಗುವೂ ಪೇಟೆಯ ಮಗುವಿನ ಸಮಕ್ಕೆ ನಿಂತು ಉತ್ತರಿಸಲಿ ಎಂದು. ಚುಕ್ಕಿಯಿಟ್ಟು ರಂಗೋಲಿ ಎಳೆಯುವ ಹುಡುಗಿಗೆ ಅರ್ಧ ಎಳೆದ ಆಕೃತಿಯನ್ನು ಪೂರ್ತಿ ಮಾಡುವುದು ಹೊಸ ವಿದ್ಯೆಯೇನಲ್ಲ.

ಹೀಗೆ ಟ್ಯೂಷನ್ ಇಲ್ಲದ ಮಗುವನ್ನು ಹುಡುಕುವುದಕ್ಕೆ ಹೆಣೆದ ಪರೀಕ್ಷೆಗೇ ನಾವು ಟ್ಯೂಷನ್ ಹುಡುಕುತ್ತಿದ್ದೇವೆ. ಚಿತ್ರಗಳನ್ನೂ ಬಾಯಿಪಾಠ ಮಾಡಿಸುವ ಮಟ್ಟಕ್ಕೆ ತಂದಿದ್ದೇವೆ. ಒಂದು ಕೇಂದ್ರದ ಗೈಡಿನಲ್ಲಿ ಸಾವಿರಾರು ಆಕೃತಿ ನೋಡಿದೆ. ಮಕ್ಕಳು ಅದನ್ನು ಮಗ್ಗಿಯ ಹಾಗೆ ತಿರುವಿ ತಿರುವಿ ಹಾಕುತ್ತಿದ್ದರು. ಒಂದು ಹಾಳೆ ಕೈಗೆ ಕೊಟ್ಟು "ಮಡಿಸಿ ನೋಡು" ಅಂದವರು ಅಲ್ಲಿ ಯಾರೂ ಇರಲಿಲ್ಲ.

ಹಾಗಾದರೆ ಮೇಷ್ಟ್ರನ್ನು ಹೇಗೆ ನೋಡಬೇಕು? ಒಂದು ಲೆಕ್ಕ ಹೇಳುತ್ತೇನೆ. ಒಂದು ಗಂಟೆ 6 ನಿಮಿಷಕ್ಕೊಮ್ಮೆ ಬಾರಿಸುತ್ತದೆ, ಇನ್ನೊಂದು 8 ನಿಮಿಷಕ್ಕೊಮ್ಮೆ. ಈಗ ಎರಡೂ ಒಟ್ಟಿಗೆ ಬಾರಿಸಿದವು. ಮತ್ತೆ ಎಷ್ಟು ನಿಮಿಷಕ್ಕೆ ಒಟ್ಟಿಗೆ ಬಾರಿಸುತ್ತವೆ? ನಮ್ಮ ಶಾಲೆಯ ಒಬ್ಬ ಹುಡುಗಿ 48 ಎಂದು ಗುರುತು ಹಾಕಿಕೊಂಡು ಬಂದಿದ್ದಳು. ಅವಳ ಟ್ಯೂಷನ್ ಪುಸ್ತಕದಲ್ಲಿ ಅದರ ಮೇಲೊಂದು ಕೆಂಪು ಅಡ್ಡಗೆರೆ, ಪಕ್ಕದಲ್ಲಿ "ಲಸಾಅ, 24" ಎಂದು ಬರೆದಿತ್ತು. ಮುಂದಿನ ಪುಟದಲ್ಲಿ ಅಂಥದೇ ಲೆಕ್ಕಕ್ಕೆ ಮತ್ತೆ ಗುಣಿಸಿಯೇ ಉತ್ತರ ಬರೆದಿದ್ದಳು, ಮತ್ತೆ ಅಡ್ಡಗೆರೆ. ಪಾಪ, ಆ ಮಗು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು. 48ನೇ ನಿಮಿಷಕ್ಕೂ ಎರಡೂ ಗಂಟೆ ಒಟ್ಟಿಗೇ ಬಾರಿಸುತ್ತವೆ, ಆದರೆ ಅದು ಎರಡನೇ ಸಲ. ಮೊದಲನೇ ಸಲ ಯಾವಾಗ ಎಂದು 6, 12, 18, 24 ಎಂದೂ 8, 16, 24 ಎಂದೂ ಎರಡು ಸಾಲು ಬರೆಸಿದ್ದರೆ ಅವಳಿಗೆ ತಾನೇ ಕಾಣುತ್ತಿತ್ತು, ಮತ್ತೆ ಮರೆಯುತ್ತಲೂ ಇರಲಿಲ್ಲ. ಮಗುವಿನ ತಪ್ಪು ಎಲ್ಲಿಂದ ಬಂತೆಂದು ಕೂತು ನೋಡುವ ವ್ಯವಧಾನ ಉಂಟೋ ಇಲ್ಲವೋ, ಮೇಷ್ಟ್ರಲ್ಲಿ ನೋಡಬೇಕಾದದ್ದು ಅದು. ಅರವತ್ತು ಮಕ್ಕಳ ಬ್ಯಾಚಿನಲ್ಲಿ ಎಷ್ಟೇ ಒಳ್ಳೆಯ ಮೇಷ್ಟ್ರಾದರೂ ಅದು ಆಗದ ಮಾತು. ಸೇರಿಸುವ ಮುಂಚೆ, ಈಗಾಗಲೇ ಅಲ್ಲಿಗೆ ಹೋಗುತ್ತಿರುವ ಮಗುವಿನ ನೋಟ್‌ಬುಕ್ ಕೇಳಿ ತಿರುವಿ ನೋಡಿ. ಫ್ಲೆಕ್ಸು ಹೇಳದ್ದನ್ನು ಅದು ಹೇಳುತ್ತದೆ.

ಭಾಷೆಯ ಪಾಠವಂತೂ ಎಲ್ಲರಿಗೂ ಬೇಡವಾದ ಕೂಸು. ಪರೀಕ್ಷೆಯಲ್ಲಿ ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ, ಒಟ್ಟು 25 ಅಂಕ. ಕನ್ನಡದಲ್ಲೇ ಬರೆಯಲು ಅವಕಾಶವಿದೆ. ಆದರೂ ಕನ್ನಡ ಶಾಲೆಯಲ್ಲಿ ಓದುವ ಮಗುವನ್ನು ಇಂಗ್ಲಿಷ್ ಗೈಡಿನ ಟ್ಯೂಷನ್ನಿಗೆ ಕಳಿಸುವವರಿದ್ದಾರೆ, ಹೇಗೂ ಮುಂದೆ ಇಂಗ್ಲಿಷೇ ಅಲ್ಲವೇ ಎಂದು. ಹತ್ತು ವರ್ಷದ ಮಗು ಪ್ರಶ್ನೆ ಅರ್ಥವಾಗದೆ ತಪ್ಪು ಮಾಡಿ ಬಂದರೆ "ಲೆಕ್ಕದಲ್ಲಿ ವೀಕು" ಎಂದುಬಿಡುತ್ತೇವೆ. ಇನ್ನು ಕೆಲವು ಮೇಷ್ಟ್ರುಗಳ ಉಪಾಯವೆಂದರೆ, ಗದ್ಯ ಓದಬೇಡ, ಪ್ರಶ್ನೆಯಲ್ಲಿರುವ ಪದ ಗದ್ಯದಲ್ಲಿ ಎಲ್ಲಿದೆ ಹುಡುಕು ಅನ್ನುವುದು. ಆರನೇ ತರಗತಿಯಲ್ಲಿ ಆ ಮಗು ಒಂದು ಪುಟ ನೆಟ್ಟಗೆ ಓದಲಾರದೆ ಕೂತಾಗ ಉಪಾಯ ಹೇಳಿದವರು ಎಲ್ಲಿರುತ್ತಾರೆ?

"ಈ ಸಲ ಆಗದಿದ್ದರೆ ಇನ್ನೊಂದು ವರ್ಷ ಐದನೇ ತರಗತಿಯಲ್ಲೇ ಕೂರಿಸಿ, ಮುಂದಿನ ಸಲ ಗ್ಯಾರಂಟಿ" ಎನ್ನುವ ಮೇಷ್ಟ್ರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಆರನೇ ತರಗತಿಯ ಆ ಪರೀಕ್ಷೆಯನ್ನು ಒಂದು ಮಗು ಒಮ್ಮೆ ಮಾತ್ರ ಬರೆಯಬಹುದು. ನಿಯಮ ಗೊತ್ತಿಲ್ಲದವನು ಅಥವಾ ಗೊತ್ತಿದ್ದೂ ಮರೆಮಾಡುವವನು, ಇಬ್ಬರೂ ನಮಗೆ ಬೇಡ.

ಮಗುವಿನ ಶಾಲೆಯ ಮೇಷ್ಟ್ರೇ ಸಂಜೆ ಟ್ಯೂಷನ್ ಕೊಡುತ್ತಾರೆಂದು ಸಮಾಧಾನಪಡುವವರೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದೆಂದು ಹೇಳುತ್ತದೆ. ಹಾಗಾಗಿ ಬೋರ್ಡು ಭಾವಮೈದುನನ ಹೆಸರಿನಲ್ಲಿರುತ್ತದೆ! ತರಗತಿಯಲ್ಲಿ ಹೇಳಬೇಕಾದ್ದನ್ನು ಸಂಜೆಗೆ ಉಳಿಸಿಕೊಳ್ಳುವ ಆಸೆ ಎಂಥವರಿಗೂ ಬರಬಹುದು. ಕಾಯ್ದೆ ಮಾಡಿದವರಿಗೆ ಅದು ತಿಳಿದಿತ್ತು. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಂತೂ 16 ವರ್ಷದೊಳಗಿನ ಮಕ್ಕಳನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಲೇಬಾರದು ಎನ್ನುತ್ತದೆ. ನಮ್ಮೂರಲ್ಲಿ ಒಂಬತ್ತು ವರ್ಷದ ಮಕ್ಕಳು ಬೆಳಗಿನ ಆರು ಗಂಟೆಯ ಬ್ಯಾಚಿಗೆ ಆಕಳಿಸುತ್ತ ಹೋಗುವುದು ನಿಂತಿಲ್ಲ.

ಇದಕ್ಕಿಂತ ಕಟುವಾದ ಒಂದು ಮಾತು ಹೇಳಲೇಬೇಕು, ಬೇಸರಿಸಬೇಡಿ. ಹಳ್ಳಿ ಮಕ್ಕಳ ಪಾಲಿನ ಸೀಟು ಬೇಕೆಂದರೆ ಮಗು 3, 4 ಮತ್ತು 5ನೇ ತರಗತಿಯನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ನಡುವೆ ಒಂದು ದಿನ ಪೇಟೆಯ ಶಾಲೆಯಲ್ಲಿ ಓದಿದ್ದರೂ ಅದು ಪೇಟೆಯ ಮಗುವೇ. ಇದನ್ನು ತಿಳಿದ ಕೆಲವು ಟ್ಯೂಷನ್ ಮೇಷ್ಟ್ರು ಪಾಠದ ಜೊತೆಗೆ ದಾರಿಯನ್ನೂ ಹೇಳಿಕೊಡುತ್ತಾರೆ. ಮೂರನೇ ತರಗತಿಯಿಂದಲೇ ಹತ್ತಿರದ ಯಾವುದೋ ಹಳ್ಳಿ ಶಾಲೆಯಲ್ಲಿ ಹೆಸರು, ಮಗು ಇರುವುದು ಪೇಟೆಯ ಮನೆಯಲ್ಲಿ, ಹಗಲೆಲ್ಲ ಟ್ಯೂಷನ್. "ಎಲ್ಲರೂ ಮಾಡುತ್ತಾರೆ ಮೇಡಂ, ನಾವೊಬ್ಬರು ಬಿಟ್ಟರೆ ಏನಾಯಿತು?" ಎಂದು ಒಬ್ಬ ತಾಯಿ ನನ್ನನ್ನೇ ಕೇಳಿದರು. ಆಕೆ ದೇವರಿಗೆ ಹೆದರುವ ಹೆಂಗಸು, ಅಂಗಡಿಯವನು ಹೆಚ್ಚು ಚಿಲ್ಲರೆ ಕೊಟ್ಟರೆ ವಾಪಸು ಕೊಟ್ಟು ಬರುವವರು. ಅದೇ ಹಳ್ಳಿಯಿಂದ ನಮ್ಮ ಬೀದಿಗೆ ಹಾಲು ತರುವವಳಿಗೂ ಐದನೇ ತರಗತಿಯ ಮಗಳಿದ್ದಾಳೆ. ಸೀಟು ಹೋಗುವುದು ಯಾರದ್ದೆಂದು ಆ ತಾಯಿಯ ಮನಸ್ಸಿಗೆ ಬಂದೇ ಇರಲಿಲ್ಲ. ಆಕೆಯನ್ನು ದೂರುವುದಕ್ಕಿಂತ, ಆ ದಾರಿ ಹೇಳಿಕೊಟ್ಟ ಮನುಷ್ಯನ ಕೈಗೆ ಮಗುವನ್ನು ಒಪ್ಪಿಸಿ ಬಂದಿದ್ದಾರಲ್ಲ ಎಂಬುದೇ ನನಗೆ ದಿಗಿಲು. ಲಸಾಅ ಮಸಾಅ ಜೊತೆಗೆ ಇನ್ನೇನು ಕಲಿಸುತ್ತಾನೆ ಅವನು?

ಇಷ್ಟೆಲ್ಲ ಓಡಾಟದಲ್ಲಿ ಯಾರೂ ಕೇಳದಿರುವುದು ಮಗುವನ್ನು. ಇವು ವಸತಿ ಶಾಲೆಗಳು, ಹತ್ತು ಹನ್ನೊಂದು ವರ್ಷಕ್ಕೆ ಮನೆ ಬಿಡಬೇಕು. ನವೋದಯದಲ್ಲಂತೂ ಒಂಬತ್ತನೇ ತರಗತಿಯಲ್ಲಿ ಶೇಕಡಾ 30ರಷ್ಟು ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ಶಾಲೆಗೆ ಕಳಿಸುವ ಪದ್ಧತಿಯಿದೆ. ನಮ್ಮ ಮಕ್ಕಳು ಹಿಂದಿ ಸೀಮೆಗೆ, ಅಲ್ಲಿಯವರು ಇಲ್ಲಿಗೆ. ನನಗೆ ಅದು ಒಳ್ಳೆಯ ಏರ್ಪಾಡೆಂದೇ ಅನಿಸುತ್ತದೆ, ಆದರೆ ಎಷ್ಟು ತಾಯಂದಿರಿಗೆ ಗೊತ್ತು? ಮಗು ಮನೆ ಬಿಟ್ಟು ಇರಬಲ್ಲದೇ, ಅದಕ್ಕೆ ಇಷ್ಟವಿದೆಯೇ ಎಂದು ಒಂದು ಮಾತು ಕೇಳುವ ಮೇಷ್ಟ್ರು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಅಂಥವರು ಇಲ್ಲದಿಲ್ಲ, ಫ್ಲೆಕ್ಸಿನಲ್ಲಿ ಇರುವುದಿಲ್ಲ ಅಷ್ಟೆ. ನಮ್ಮ ಬೀದಿಯ ಕೊನೆಯ ಮನೆಯ ಸೊಸೆ ಬಿ.ಎಡ್. ಮಾಡಿದವಳು, ಟಿಇಟಿ ಪಾಸಾಗಿ ನೇಮಕಾತಿಗೆ ಕಾಯುತ್ತಿದ್ದಾಳೆ. ಸಂಜೆ ಪಡಸಾಲೆಯಲ್ಲಿ ಆರು ಮಕ್ಕಳನ್ನು ಕೂರಿಸಿಕೊಂಡು ಒಂದೂವರೆ ಗಂಟೆ ಪಾಠ ಮಾಡುತ್ತಾಳೆ. ಹಳೆಯ ಕ್ಯಾಲೆಂಡರಿನ ಹಾಳೆ ಮಡಿಸಿ ಕತ್ತರಿಯಿಂದ ತೂತು ಮಾಡಿ ತೋರಿಸುತ್ತಾಳೆ, ಕನ್ನಡಿ ತಂದು ಅಕ್ಷರದ ಪಕ್ಕ ಹಿಡಿಯುತ್ತಾಳೆ, ದಿನಕ್ಕೊಂದು ಪುಟ ಜೋರಾಗಿ ಓದಿಸುತ್ತಾಳೆ. ಏಳು ಗಂಟೆಗೆ ಮಕ್ಕಳು ಮನೆಯಲ್ಲಿರುತ್ತಾರೆ. ತಿಂಗಳಿಗೆ ಐನೂರು ರೂಪಾಯಿ ಕೇಳಿದ್ದಕ್ಕೆ "ಮನೆಯಲ್ಲೇ ಕೂತು ಹೇಳಿಕೊಡುವುದಕ್ಕೆ ಇಷ್ಟೇಕಮ್ಮ, ನಾನೂರು ಇಟ್ಟುಕೋ" ಎಂದು ಒಬ್ಬರು ಸೊಪ್ಪಿನವಳ ಹತ್ತಿರ ಮಾಡಿದಂತೆ ಚೌಕಾಸಿ ಮಾಡಿದರು. ಅವರೇ ಕಳೆದ ವಾರ ಬಸ್‌ಸ್ಟ್ಯಾಂಡಿನ ಕೇಂದ್ರಕ್ಕೆ ಹೋಗಿ ಇಡೀ ವರ್ಷದ ಫೀಸನ್ನು ಒಂದೇ ಕಂತಿನಲ್ಲಿ ಕಟ್ಟಿ, ರಸೀದಿಯನ್ನೂ ಕೇಳದೆ ಬಂದಿದ್ದಾರೆ.