ಓಡುವವನಿಗೆ ಪೌರತ್ವ, ದುಡಿಯುವವನಿಗೆ ಪರವಾನಗಿ

ಮಂಗಳೂರಿನಿಂದ ಭಟ್ಕಳದವರೆಗಿನ ನಮ್ಮ ಕರಾವಳಿಯಲ್ಲಿ ದೋಹಾದ ಹೆಸರು ಕೇಳದ ಮನೆ ಕಡಿಮೆ. ಯಾರದೋ ಅಣ್ಣ ಅಲ್ಲಿ ಚಾಲಕ, ಯಾರದೋ ಭಾವ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ, ಇನ್ಯಾರದೋ ಮಗ ಕಟ್ಟಡದ ಕಂಪೆನಿಯಲ್ಲಿ ಮೇಲ್ವಿಚಾರಕ. ಇಪ್ಪತ್ತು, ಮೂವತ್ತು ವರ್ಷ ಅಲ್ಲಿದ್ದು ಮರಳಿದವರು ಅಲ್ಲಿನ ರಸ್ತೆ, ಮಸೀದಿ, ಮಾರುಕಟ್ಟೆಗಳ ಬಗ್ಗೆ ತಮ್ಮೂರಿನ ಬಗ್ಗೆ ಹೇಳುವಂತೆಯೇ ಹೇಳುತ್ತಾರೆ. ಆದರೆ ಕೆಲಸ ಮುಗಿದಾಗ ಇಕಾಮಾ ರದ್ದಾಗುತ್ತದೆ, ಮನುಷ್ಯ ಪೆಟ್ಟಿಗೆ ಕಟ್ಟಿ ವಿಮಾನ ಹತ್ತುತ್ತಾನೆ. ಅದು ಆ ನಾಡಿನ ನಿಯಮ ಎಂದು ನಾವೆಲ್ಲರೂ ಎಷ್ಟು ಸಹಜವಾಗಿ ಒಪ್ಪಿಕೊಂಡಿದ್ದೇವೆಂದರೆ, ಅದರ ಬಗ್ಗೆ ಒಂದು ಪ್ರಶ್ನೆ ಕೇಳಬಹುದು ಎಂಬುದೂ ನಮಗೆ ಹೊಳೆಯುವುದಿಲ್ಲ.

ಆ ಪ್ರಶ್ನೆಯನ್ನು ನಮ್ಮ ಮುಂದಿಟ್ಟದ್ದು ಅದೇ ದೋಹಾದಲ್ಲಿ ನಡೆದ ಒಂದು ಕ್ರೀಡಾಕೂಟ. 2010ರ ಮಾರ್ಚ್ 12ರಿಂದ 14ರವರೆಗೆ ಅಲ್ಲಿನ ಆಸ್ಪೈರ್ ಡೋಮ್‌ನಲ್ಲಿ ವಿಶ್ವ ಒಳಾಂಗಣ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆಯಿತು. ಮಧ್ಯಪ್ರಾಚ್ಯದಲ್ಲಿ ಈ ಕೂಟ ನಡೆದದ್ದು ಅದೇ ಮೊದಲು. ನಮ್ಮ ಪತ್ರಿಕೆಗಳ ಕ್ರೀಡಾಪುಟಗಳಲ್ಲಿ ಅದಕ್ಕೆ ಸಿಕ್ಕ ಜಾಗ ಅಷ್ಟಕ್ಕಷ್ಟೆ. ಕ್ರಿಕೆಟ್ಟಿನ ಗದ್ದಲದಲ್ಲಿ ಅದು ಸಹಜವೂ ಹೌದು. ಆದರೆ ಆ ಮೂರು ದಿನಗಳ ಫಲಿತಾಂಶ ಪಟ್ಟಿಯನ್ನು, ಅದರ ಹಿಂದಿನ ಮತ್ತು ನಂತರದ ಕೂಟಗಳ ಪಟ್ಟಿಗಳ ಜೊತೆಗಿಟ್ಟು ಓದಿದರೆ ಅಲ್ಲಿ ಓಟಕ್ಕಿಂತ ದೊಡ್ಡದೊಂದು ವಿಷಯ ಕಾಣಿಸುತ್ತದೆ. ಒಬ್ಬ ಮನುಷ್ಯ ಒಂದು ನಾಡಿನವನಾಗುವುದು ಯಾವಾಗ? ಅದನ್ನು ನಿರ್ಧರಿಸುವವರು ಯಾರು?

ಗುಮ್ಮಟದೊಳಗಿನ ಓಟ

ಒಳಾಂಗಣ ಅಥ್ಲೆಟಿಕ್ಸ್ ಹುಟ್ಟಿದ್ದು ಚಳಿಯ ದೇಶಗಳಲ್ಲಿ. ಹೊರಗೆ ಹಿಮ ಬೀಳುವಾಗ ಓಟಗಾರರು ಸುಮ್ಮನೆ ಕೂರಬಾರದೆಂದು ಕಟ್ಟಡದೊಳಗೆ ಓಡುದಾರಿ ಹಾಕಿದರು. ಬಯಲಿನ ಓಡುದಾರಿ 400 ಮೀಟರ್ ಇದ್ದರೆ ಇಲ್ಲಿ 200 ಮೀಟರ್. ತಿರುವುಗಳು ಕಡಿದಾಗಿರುವುದರಿಂದ ಅವನ್ನು ಓರೆಯಾಗಿ ಎತ್ತರಿಸಿರುತ್ತಾರೆ. ನೂರು ಮೀಟರಿಗೆ ಜಾಗವಿಲ್ಲದ ಕಾರಣ ವೇಗದ ಓಟ 60 ಮೀಟರಿಗೆ ಮುಗಿಯುತ್ತದೆ. 1985ರಲ್ಲಿ ಪ್ಯಾರಿಸ್‌ನಲ್ಲಿ ವಿಶ್ವ ಒಳಾಂಗಣ ಕ್ರೀಡೆಗಳೆಂಬ ಹೆಸರಿನಲ್ಲಿ ಶುರುವಾದ ಕೂಟ 1987ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಚಾಂಪಿಯನ್‌ಷಿಪ್ ಆಯಿತು. ಚಳಿಗಾಗಿ ಹುಟ್ಟಿದ ಈ ಆಟ ಮರಳುಗಾಡಿಗೆ ಬಂದಾಗ ಗುಮ್ಮಟದ ಕೆಲಸವೇ ತಿರುಗಿತು. ಅಲ್ಲಿ ಅದು ತಡೆಯುವುದು ಬಿಸಿಲನ್ನು.

ದೋಹಾದ ಆ ಮೂರು ದಿನಗಳಲ್ಲಿ ಒಳ್ಳೆಯ ಓಟಗಳೇ ನಡೆದವು. ಫ್ರಾನ್ಸಿನ ಟೆಡ್ಡಿ ಟಾಮ್ಗೊ ತ್ರಿವಿಧ ಜಿಗಿತದಲ್ಲಿ 17.90 ಮೀಟರ್ ಹಾರಿ ಒಳಾಂಗಣ ವಿಶ್ವದಾಖಲೆ ಬರೆದ. ಇಥಿಯೋಪಿಯಾದ ಮೆಸೆರೆತ್ ಡೆಫಾರ್ 3,000 ಮೀಟರಿನಲ್ಲಿ ಸತತ ನಾಲ್ಕನೆಯ ಬಾರಿ ಚಿನ್ನ ಗೆದ್ದಳು. ಸುಡಾನಿನ ಅಬೂಬಕರ್ ಕಾಕಿ 800 ಮೀಟರಿನಲ್ಲಿ ಮತ್ತೆ ಮೊದಲಿಗನಾದ. 2008ರಲ್ಲಿ ವೆಲೆನ್ಸಿಯಾದಲ್ಲಿ ಇದೇ ಚಿನ್ನವನ್ನು ಗೆದ್ದಾಗ ಅವನಿಗೆ ಹದಿನೆಂಟೇ ವರ್ಷ.

ನಾವು ಗಮನಿಸಬೇಕೆನ್ನುವುದು ಇನ್ನಿಬ್ಬರನ್ನು. ಪುರುಷರ 3,000 ಮೀಟರ್ ಗೆದ್ದ ಬರ್ನಾರ್ಡ್ ಲಗಾಟ್ ಅಮೆರಿಕದ ಅಂಗಿ ತೊಟ್ಟಿದ್ದ. ಇದೇ ಓಟದ ಇದೇ ಚಿನ್ನವನ್ನು 2004ರಲ್ಲಿ ಬುಡಾಪೆಸ್ಟ್‌ನಲ್ಲಿ ಅವನು ಗೆದ್ದದ್ದು ತಾನು ಹುಟ್ಟಿದ ಕೀನ್ಯಾಕ್ಕೆ. ಮಹಿಳೆಯರ 1,500 ಮೀಟರ್ ಗೆದ್ದ ಹದಿನೆಂಟರ ಹುಡುಗಿ ಕಲ್ಕಿದಾನ್ ಗೆಜಾಹೆನ್ಯೆ ಅಂದು ಇಥಿಯೋಪಿಯಾದ ಧ್ವಜ ಹೊದ್ದಿದ್ದಳು. ಮುಂದೆ ಅವಳು ಬಹರೈನ್ ಪರ ಓಡತೊಡಗಿದಳು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ 10,000 ಮೀಟರಿನಲ್ಲಿ ಅವಳು ಬೆಳ್ಳಿ ಗೆದ್ದಾಗ ಪದಕದ ಮೆಟ್ಟಿಲ ಮೇಲೆ ನಿಂತ ಮೂವರೂ ಇಥಿಯೋಪಿಯಾದಲ್ಲಿ ಹುಟ್ಟಿದವರು. ಧ್ವಜಗಳು ಮಾತ್ರ ಮೂರು: ನೆದರ್ಲೆಂಡ್ಸ್, ಬಹರೈನ್, ಇಥಿಯೋಪಿಯಾ.

ಹೆಸರು ಬದಲಾದವರು

ಈ ಕಥೆಯ ಹೆಚ್ಚು ಪ್ರಸಿದ್ಧ ಅಧ್ಯಾಯ 2003ರದ್ದು. ಸ್ಟೀಫನ್ ಚೆರೊನೊ ಎಂಬ ಕೀನ್ಯಾದ ಯುವಕ ಆ ವರ್ಷದ ಆಗಸ್ಟ್‌ನಲ್ಲಿ ಕತಾರಿನ ಪೌರನಾಗಿ ಸೈಫ್ ಸಈದ್ ಶಾಹೀನ್ ಎಂಬ ಹೆಸರು ಪಡೆದ. ಅದೇ ತಿಂಗಳು ಪ್ಯಾರಿಸ್‌ನ ಬಯಲು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವನು 3,000 ಮೀಟರ್ ಸ್ಟೀಪಲ್‌ಚೇಸ್ ಗೆದ್ದ. ಅದೇ ಓಟದಲ್ಲಿ ಅವನ ಸ್ವಂತ ಅಣ್ಣ ಕೀನ್ಯಾದ ಪರ ಓಡುತ್ತಿದ್ದ. ಜೀವನಪರ್ಯಂತ ತಿಂಗಳಿಗೆ ಸಾವಿರ ಡಾಲರ್ ಭತ್ಯೆಯ ಒಪ್ಪಂದವಾಗಿದೆಯೆಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಕೀನ್ಯಾ ಒಪ್ಪಿಗೆ ಕೊಡದ ಕಾರಣ 2004ರ ಅಥೆನ್ಸ್ ಒಲಿಂಪಿಕ್ಸ್ ಅವನ ಕೈತಪ್ಪಿತು. ಒಳಾಂಗಣದಲ್ಲೂ ಅವನ ಹೆಸರಿದೆ: 2006ರಲ್ಲಿ ಮಾಸ್ಕೊದ 3,000 ಮೀಟರಿನಲ್ಲಿ ಕೆನೆನಿಸಾ ಬೆಕೆಲೆಯ ಹಿಂದೆ ಬೆಳ್ಳಿ.

ಬಹರೈನಿನ ಮರ್ಯಮ್ ಯೂಸುಫ್ ಜಮಾಲ್‌ಳ ಕಥೆ ಬೇರೆ. ಇಥಿಯೋಪಿಯಾದಲ್ಲಿ ಝೆನೆಬೆಚ್ ತೋಲಾ ಆಗಿದ್ದ ಈ ಒರೊಮೊ ಹೆಣ್ಣುಮಗಳು ಸ್ವಿಟ್ಜರ್ಲೆಂಡಿನಲ್ಲಿ ಆಶ್ರಯ ಕೇಳಿದವಳು. ಬಹರೈನ್ ಅವಳಿಗೆ ಪೌರತ್ವ ಕೊಟ್ಟಿತು. 2006ರಲ್ಲಿ ಮಾಸ್ಕೊ, 2008ರಲ್ಲಿ ವೆಲೆನ್ಸಿಯಾ ಒಳಾಂಗಣ ಕೂಟಗಳ 1,500 ಮೀಟರಿನಲ್ಲಿ ಅವಳು ಪದಕ ಗೆದ್ದಳು. 2007 ಮತ್ತು 2009ರಲ್ಲಿ ಬಯಲಿನ ವಿಶ್ವ ಚಾಂಪಿಯನ್ ಆದಳು. ಗಲ್ಫ್ ನಾಡಿನ ಮಹಿಳೆಯೊಬ್ಬಳು ಜಗತ್ತನ್ನು ಗೆದ್ದಳೆಂದು ಆಗ ನಾವೂ ಹಿಗ್ಗಿದ್ದುಂಟು. ಝೆನೆಬೆಚ್ ತೋಲಾ ಯಾರು, ಅವಳು ಊರು ಬಿಟ್ಟದ್ದು ಯಾಕೆ ಎಂದು ನಾವು ಕೇಳಲಿಲ್ಲ.

ಹೆಸರು ಬದಲಿಸಿಕೊಂಡವರ ವಿಶ್ವಾಸವನ್ನು ಅಳೆಯುವ ಅಧಿಕಾರ ನಮಗಿಲ್ಲ. ಅದು ಅವರ ಮತ್ತು ಅವರ ಸೃಷ್ಟಿಕರ್ತನ ನಡುವಿನ ವಿಷಯ. ಆದರೆ ಒಂದು ಸರಕಾರ ಪಾಸ್‌ಪೋರ್ಟಿನ ಜೊತೆಗೆ ಹೊಸ ಹೆಸರನ್ನೂ ಕೊಡುವಾಗ ಅದು ಯಾರಿಗಾಗಿ ಎಂದು ಕೇಳಬಹುದು. ಧ್ವಜ ಏರುವಾಗ ಫಲಕದ ಮೇಲೆ ಸ್ಥಳೀಯ ಹೆಸರೊಂದು ಕಾಣಬೇಕೆಂಬ ಆಸೆಗೆ ಒಬ್ಬನ ತಾಯಿ ತಂದೆ ಇಟ್ಟ ಹೆಸರು ಅಡ್ಡಿಯಾಗುತ್ತದೆಂದರೆ, ಅಲ್ಲಿ ಸ್ವಾಗತ ಸಿಕ್ಕಿದ್ದು ಮನುಷ್ಯನಿಗೋ ಅವನ ಕಾಲುಗಳಿಗೋ?

ಈ ಅನುಮಾನ ಸುಳ್ಳಲ್ಲವೆಂದು ತೋರಿಸಿದ ಘಟನೆ 2007ರಲ್ಲಿ ನಡೆಯಿತು. ಕೀನ್ಯಾದಲ್ಲಿ ಹುಟ್ಟಿ ಬಹರೈನಿನ ಪೌರನಾಗಿ ಮುಶೀರ್ ಸಾಲೆಮ್ ಜವ್ಹರ್ ಎಂದು ಕರೆಸಿಕೊಂಡ ಲಿಯೊನಾರ್ಡ್ ಮುಚೆರು ಆ ವರ್ಷ ಇಸ್ರೇಲಿನ ತಿಬೇರಿಯಾಸ್ ಮ್ಯಾರಥಾನ್ ಓಡಿ ಗೆದ್ದ. ಬಹರೈನ್ ಅವನ ಪೌರತ್ವ ರದ್ದು ಮಾಡಿತು. ಅವನು ಅಲ್ಲಿ ಓಡಿದ್ದು ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಫೆಲೆಸ್ತೀನಿನ ನೋವು ಬಲ್ಲ ನಮಗೆ ಆ ಓಟ ರುಚಿಸದಿರಬಹುದು. ಆದರೆ ಒಂದು ಓಟಕ್ಕೆ ಕಳಚಿ ಹೋಗುವ ಪೌರತ್ವವನ್ನು ಪೌರತ್ವ ಎನ್ನಬಹುದೇ? ಅದು ನಮ್ಮವರ ಕೈಯಲ್ಲಿರುವ ಇಕಾಮಾದ ತುಸು ದಪ್ಪ ರಟ್ಟಿನ ಪ್ರತಿ, ಅಷ್ಟೆ.

ಎರಡು ಅಳತೆ

ಇಷ್ಟು ಹೇಳಿ ಗಲ್ಫ್ ನಾಡುಗಳನ್ನು ಬೈದು ಮುಗಿಸುವುದು ಸುಲಭ. ಪಾಶ್ಚಾತ್ಯ ಪತ್ರಿಕೆಗಳು ಬಹಳ ಕಾಲ ಮಾಡಿದ್ದು ಅದನ್ನೇ. ಕತಾರ್ ಪೌರತ್ವ ಕೊಟ್ಟರೆ ಖರೀದಿ, ಅಮೆರಿಕ ಕೊಟ್ಟರೆ ಕನಸು! ವಿಲ್ಸನ್ ಕಿಪ್ಕೆಟರ್ ಕೀನ್ಯಾದವನು, ಓಡಿದ್ದು ಡೆನ್ಮಾರ್ಕಿಗೆ. 1997ರಲ್ಲಿ ಪ್ಯಾರಿಸ್‌ನ ಒಳಾಂಗಣ ಕೂಟದಲ್ಲಿ ಅವನು ಮೂರು ದಿನಗಳೊಳಗೆ ಎರಡು ಬಾರಿ 800 ಮೀಟರಿನ ವಿಶ್ವದಾಖಲೆ ಮುರಿದ. ಅಂತಿಮ ಓಟದ 1 ನಿಮಿಷ 42.67 ಸೆಕೆಂಡಿನ ದಾಖಲೆ ಎರಡು ದಶಕಕ್ಕೂ ಹೆಚ್ಚು ಕಾಲ ಉಳಿಯಿತು. 2016ರಲ್ಲಿ ಪೋರ್ಟ್‌ಲೆಂಡಿನ ಒಳಾಂಗಣ ಕೂಟದಲ್ಲಿ ಮಹಿಳೆಯರ 1,500 ಮೀಟರಿನ ಮೂರೂ ಪದಕ ಇಥಿಯೋಪಿಯಾದಲ್ಲಿ ಹುಟ್ಟಿದವರಿಗೇ ಹೋದವು. ಚಿನ್ನ ಗೆದ್ದ ಸಿಫಾನ್ ಹಸನ್ ನೆದರ್ಲೆಂಡ್ಸ್ ಪರ ಓಡಿದ್ದಳು. ತುರ್ಕಿಯೂ ಇದಕ್ಕೆ ಹೊರತಲ್ಲ. 2012ರಲ್ಲಿ ಇಸ್ತಾಂಬುಲ್ ಕೂಟ ನಡೆಸಿದಾಗ ಪುರುಷರ 1,500 ಮೀಟರಿನ ಬೆಳ್ಳಿ ಗೆದ್ದ ಇಲ್ಹಾಮ್ ತನುಯಿ ಒಜ್ಬಿಲೆನ್ ಮೊದಲು ಕೀನ್ಯಾದ ವಿಲಿಯಂ ಬಿವೊಟ್ ತನುಯಿ ಆಗಿದ್ದವನು.

ಓಟಗಾರನ ಕಡೆಯಿಂದಲೂ ಒಮ್ಮೆ ನೋಡಬೇಕು. ಒಳಾಂಗಣ ಕೂಟದಲ್ಲಿ ಒಂದು ಸ್ಪರ್ಧೆಗೆ ಒಂದು ದೇಶದಿಂದ ಸಾಮಾನ್ಯವಾಗಿ ಇಬ್ಬರಿಗಷ್ಟೇ ಅವಕಾಶ. ಕೀನ್ಯಾದ ಮೂರನೆಯ, ನಾಲ್ಕನೆಯ ಓಟಗಾರ ಜಗತ್ತಿನ ಮೊದಲ ಹತ್ತರೊಳಗಿದ್ದರೂ ಮನೆಯಲ್ಲೇ ಕೂರಬೇಕು. ದೋಹಾದಂಥ ಕೂಟದ ಚಿನ್ನಕ್ಕೆ 40,000 ಡಾಲರ್ ಬಹುಮಾನ. ಬೆಟ್ಟದ ಮೇಲಿನ ಬಡ ಹಳ್ಳಿಯಲ್ಲಿ ಇಡೀ ಕುಟುಂಬವನ್ನು ಸಾಕಬೇಕಾದ ಯುವಕನಿಗೆ ದೇಶಪ್ರೇಮದ ಪಾಠ ಹೇಳಲು ನಮಗೆ ಬಾಯಿಯಿಲ್ಲ. ಹೊಟ್ಟೆಪಾಡಿಗಾಗಿ ಸಮುದ್ರ ದಾಟಿದವರ ಮಕ್ಕಳು ನಾವು.

ಹಾಗಾದರೆ ಕಿಪ್ಕೆಟರನಿಗೂ ಶಾಹೀನನಿಗೂ ವ್ಯತ್ಯಾಸವೇ ಇಲ್ಲವೆ? ಇದೆ ಎಂದೇ ನಮ್ಮ ಅಭಿಪ್ರಾಯ. ಕಿಪ್ಕೆಟರ್ 1990ರಲ್ಲಿ ವಿದ್ಯಾರ್ಥಿಯಾಗಿ ಡೆನ್ಮಾರ್ಕಿಗೆ ಹೋದ. ಪೌರತ್ವ ಸಿಗುವವರೆಗೆ ಕಾಯಬೇಕಾಗಿ ಬಂದು, ಜಗತ್ತಿನ ಅತಿ ಶ್ರೇಷ್ಠ ಓಟಗಾರನಾಗಿದ್ದೂ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಓಡಲಾಗಲಿಲ್ಲ. ಸಿಫಾನ್ ಹಸನ್ ಹದಿನೈದರ ವಯಸ್ಸಿನಲ್ಲಿ ನಿರಾಶ್ರಿತಳಾಗಿ ನೆದರ್ಲೆಂಡ್ಸ್‌ಗೆ ಬಂದವಳು, ಓಟಗಾರ್ತಿಯಾದದ್ದು ಆಮೇಲೆ. ಇಬ್ಬರೂ ಒಳಬಂದ ಬಾಗಿಲಿನಲ್ಲಿ, ತಡವಾಗಿಯಾದರೂ, ಓಡಲು ಬಾರದ ಇತರರೂ ಬಂದಿದ್ದಾರೆ. ಶಾಹೀನನಿಗೆ ತೆರೆದ ಬಾಗಿಲು ಅವನ ಹಿಂದೆಯೇ ಮುಚ್ಚಿತು. ಕತಾರಿನ 2005ರ ಕಾನೂನು ಪೌರತ್ವ ಕೇಳುವ ಮುನ್ನ 25 ವರ್ಷಗಳ ವಾಸವನ್ನು ಬಯಸುತ್ತದೆ. ಅಷ್ಟು ವರ್ಷ ಇದ್ದವರಿಗೂ ಅದು ಹಕ್ಕಲ್ಲ, ಅನುಗ್ರಹ. 25 ವರ್ಷ ದುಡಿದು ಬರಿಗೈಯಲ್ಲಿ ಊರಿಗೆ ಮರಳಿದವರನ್ನು ನಮ್ಮ ಪ್ರತಿ ಬೀದಿಯಲ್ಲೂ ನೋಡುತ್ತೇವೆ.

ಯುರೋಪ್ ಕೂಡ ಈ ಅಳತೆಯಲ್ಲಿ ಪೂರ್ತಿ ತೇರ್ಗಡೆಯಾಗುವುದಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸೊಮಾಲಿಯಾದ ಸಾಮಿಯಾ ಯೂಸುಫ್ ಉಮರ್ 200 ಮೀಟರ್ ಓಡಿ ತನ್ನ ಗುಂಪಿನಲ್ಲಿ ಕೊನೆಯವಳಾದಳು. ಒಳ್ಳೆಯ ತರಬೇತಿ ಹುಡುಕಿ ಊರು ಬಿಟ್ಟ ಅವಳು 2012ರಲ್ಲಿ ಇಟಲಿ ತಲುಪುವ ಆಸೆಯಿಂದ ದೋಣಿ ಹತ್ತಿ ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿ ಸತ್ತಳು. ಪದಕ ಗೆಲ್ಲುವಷ್ಟು ವೇಗ ಅವಳಿಗಿರಲಿಲ್ಲ. ಆದ್ದರಿಂದ ಯಾವ ದೇಶವೂ ಅವಳಿಗೆ ಪಾಸ್‌ಪೋರ್ಟ್ ಹಿಡಿದು ಬರಲಿಲ್ಲ.

ನಿಯಮ ಬದಲಾಯಿತು, ಆದರೆ

ಅಥ್ಲೆಟಿಕ್ಸ್‌ನ ವಿಶ್ವ ಸಂಸ್ಥೆ ಕೊನೆಗೂ ಎಚ್ಚೆತ್ತು 2017ರಲ್ಲಿ ದೇಶ ಬದಲಾವಣೆಯನ್ನು ತಡೆಹಿಡಿಯಿತು. 2018ರಲ್ಲಿ ಹೊಸ ನಿಯಮ ಬಂತು: ದೇಶ ಬದಲಿಸಿದವರು ಮೂರು ವರ್ಷ ಕಾಯಬೇಕು, ಇಪ್ಪತ್ತು ವರ್ಷ ತುಂಬುವ ಮೊದಲು ಬದಲಿಸುವಂತಿಲ್ಲ, ಬದಲಿಸುವುದು ಒಮ್ಮೆ ಮಾತ್ರ. ಹದಿಹರೆಯದ ಮಕ್ಕಳನ್ನು ಹೊತ್ತೊಯ್ಯುವುದಕ್ಕೆ ಇದರಿಂದ ಕಡಿವಾಣ ಬಿತ್ತು, ಅದು ಒಳ್ಳೆಯದೇ. ಆದರೆ ಈ ನಿಯಮ ಕಾಯುವುದು ಸ್ಪರ್ಧೆಯ ಮರ್ಯಾದೆಯನ್ನು. ಓಟ ನಿಂತ ಮೇಲೆ ಆ ಪೌರ ಪೌರನಾಗಿಯೇ ಉಳಿಯುತ್ತಾನೆಯೇ, ಅವನ ಮಕ್ಕಳು ಆ ನಾಡಿನ ಮಕ್ಕಳೇ ಎಂಬುದರ ಬಗ್ಗೆ ಅದು ಮೌನವಾಗಿದೆ.

ಕತಾರಿಗೂ ಬೇರೆ ದಾರಿ ಗೊತ್ತಿಲ್ಲದೆ ಇಲ್ಲ. ಮುತಅಝ್ ಬರ್ಶಿಮ್ ಸುಡಾನ್ ಮೂಲದ ಕುಟುಂಬದ ಹುಡುಗ, ಹುಟ್ಟಿದ್ದು ಬೆಳೆದದ್ದು ದೋಹಾದಲ್ಲೇ, ಕಲಿತದ್ದು ಆ ಗುಮ್ಮಟದ ಪಕ್ಕದ ಅಕಾಡೆಮಿಯಲ್ಲಿ. 2014ರಲ್ಲಿ ಪೋಲೆಂಡಿನ ಸೊಪೊಟ್‌ನ ಒಳಾಂಗಣ ಕೂಟದಲ್ಲಿ 2.38 ಮೀಟರ್ ಎತ್ತರ ಜಿಗಿದು ಅವನು ಚಿನ್ನ ಗೆದ್ದ. ವಲಸೆ ಬಂದವರ ಮಗುವನ್ನು ತನ್ನದೆಂದು ಬೆಳೆಸಿದರೆ ಏನಾಗುತ್ತದೆಂದು ಅವನು ತೋರಿಸಿಕೊಟ್ಟ. ಅದೇ ಊರಿನಲ್ಲಿ ಹುಟ್ಟಿದ ನಮ್ಮ ಕಡೆಯವರ ಮಕ್ಕಳು ಎಷ್ಟೋ ಮಂದಿ. ಶಾಲೆ ಮುಗಿದು, ತಂದೆಯ ಕೆಲಸವೂ ಮುಗಿದ ದಿನ ಅವರು ತಾವು ಎಂದೂ ಬಾಳದ ‘ಊರಿಗೆ’ ಮರಳುತ್ತಾರೆ.

ನ್ಯಾಯಕ್ಕಾಗಿ ಇದನ್ನೂ ಹೇಳಬೇಕು. 2010ರಲ್ಲಿ ಆ ಗುಮ್ಮಟದಲ್ಲಿ ಲಗಾಟ್ ಓಡುತ್ತಿದ್ದಾಗ, ಹೊರಗೆ ದುಡಿಯುತ್ತಿದ್ದ ಕೂಲಿಕಾರನಿಗೆ ದೇಶ ಬಿಟ್ಟು ಹೋಗಲೂ ಮಾಲೀಕನ ಸಹಿ ಬೇಕಿತ್ತು. 2018ರಿಂದ 2020ರ ನಡುವೆ ಆ ಸಹಿಯ ಪದ್ಧತಿಯನ್ನು ಬಹುಪಾಲು ತೆಗೆದುಹಾಕಲಾಯಿತು. ಕೆಲಸ ಬದಲಿಸಲು ಹಳೆಯ ಮಾಲೀಕನ ಒಪ್ಪಿಗೆ ಬೇಕೆಂಬ ನಿಯಮವೂ 2020ರಲ್ಲಿ ಹೋಯಿತು. 2018ರಲ್ಲಿ ಆಯ್ದ ಕೆಲವರಿಗೆ ಶಾಶ್ವತ ವಾಸದ ಪರವಾನಗಿ ಕೊಡುವ ಕಾನೂನು ಬಂತು. ಫುಟ್‌ಬಾಲ್ ವಿಶ್ವಕಪ್ ತಂದ ಜಗತ್ತಿನ ಕಣ್ಣುಗಳು ಇದರ ಹಿಂದಿದ್ದವು ಎಂಬುದರಲ್ಲಿ ಸಂದೇಹವಿಲ್ಲ. ಅಂದರೆ ಕ್ರೀಡೆಯನ್ನು ಪ್ರಶ್ನಿಸಿದರೆ ಫಲವಿದೆ ಎಂದಾಯಿತು.

ಆದ್ದರಿಂದಲೇ ನಾವು ಕ್ರೀಡಾಪುಟವನ್ನು ಮಡಚಿಡದೆ ಓದಬೇಕೆನ್ನುತ್ತೇವೆ. ನಮ್ಮ ಮಸೀದಿಗಳಲ್ಲಿ ಮನುಷ್ಯ ಸಮಾನತೆಯ ಬಗ್ಗೆ ಖುತುಬಾ ಕೇಳಿ ತಲೆದೂಗುವ ನಾವು, ಮುಸ್ಲಿಮ್ ನಾಡೊಂದು ಪದಕ ಗೆದ್ದಾಗ ಹಿಗ್ಗುವಷ್ಟೇ ಸಹಜವಾಗಿ, ಅದೇ ನಾಡು ದುಡಿಯುವವನನ್ನು ಹೇಗೆ ನೋಡುತ್ತದೆ ಎಂದೂ ಕೇಳಬೇಕು. ಹಾಗೆ ಕೇಳುವಾಗ ನಮ್ಮ ಹಿತ್ತಲನ್ನೂ ನೋಡಿಕೊಳ್ಳಬೇಕು. ನಮ್ಮ ಊರುಗಳ ಮೀನುಗಾರಿಕಾ ಬಂದರುಗಳಲ್ಲಿ, ಕಟ್ಟಡಗಳಲ್ಲಿ ಇಂದು ಒಡಿಶಾ, ಜಾರ್ಖಂಡ್, ಬಿಹಾರದ ಯುವಕರು ದುಡಿಯುತ್ತಿದ್ದಾರೆ. ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಗಲ್ಫಿನಲ್ಲಿ ನಮ್ಮ ಹಿರಿಯರನ್ನು ‘ಹಿಂದಿ’ ಎಂಬ ಒಂದೇ ಪದದಲ್ಲಿ ಕರೆದಾಗ ನೋವಾಗಿತ್ತು. ಇಂದು ಇವರೆಲ್ಲರನ್ನೂ ಒಟ್ಟಾಗಿ ‘ಹಿಂದಿಯವರು’ ಎಂದು ಕರೆಯುತ್ತಿರುವುದು ನಾವೇ.