ಏಕೀಕೃತ ಮಾರುಕಟ್ಟೆಯೂ ರಾಶಿಯನ್ನು ಬಲ್ಲ ಕೈಯೂ

ಗ್ರಾಮೀಣ ವಾಣಿಜ್ಯಕ್ಕೆ ಗಣಕಯಂತ್ರದ ನೆರವನ್ನು ವ್ಯಾಪಕವಾಗಿ ಪಡೆದ ಮೊದಲ ಪ್ರಯೋಗಗಳಲ್ಲಿ ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆಯೂ ಒಂದು. 2014ರಲ್ಲಿ ಆರಂಭವಾದ ಈ ವ್ಯವಸ್ಥೆಯು ರಾಷ್ಟ್ರಮಟ್ಟದ ಇ-ನಾಮ್ ಯೋಜನೆಗಿಂತ ಎರಡು ವರ್ಷ ಹಿರಿಯದು. ಇದರ ಫಲವನ್ನು ಕುರಿತು ರೆಟ್ಸೆಫ್ ಲೆವಿ ಮೊದಲಾದವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 2020ರಲ್ಲಿ ಪ್ರಕಟಿಸಿದ ಲೇಖನವನ್ನು ಇಲ್ಲಿ ಪರಾಮರ್ಶಿಸಲು ಇಚ್ಛಿಸುತ್ತೇವೆ.

ಲೇಖನದ ಪರಿಶ್ರಮವು ಶ್ಲಾಘನೀಯವಾದುದು. ಏಕೀಕರಣದಿಂದ ಭತ್ತದ ಬೆಲೆ ಶೇಕಡ 5.1, ನೆಲಗಡಲೆಯದು 3.6, ಮೆಕ್ಕೆಜೋಳದ್ದು 3.5 ಏರಿತೆಂದೂ, ಹತ್ತಿ, ಹೆಸರು, ತೊಗರಿಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದೂ ಲೇಖಕರು ತೋರಿಸಿದ್ದಾರೆ. ಅದಕ್ಕೆ ಹಿಂದೆ ಶೇಕಡ 38ರ ಏರಿಕೆಯೆಂಬ ಮಾತು ಪ್ರಚಾರದಲ್ಲಿದ್ದುದನ್ನು ಬಲ್ಲವರಿಗೆ ಈ ಸಂಯಮವು ಸಮಾಧಾನವನ್ನು ಕೊಡದಿರದು. ಲೇಖಕರಲ್ಲೊಬ್ಬರು ಆಗ ವೇದಿಕೆಯ ಆಡಳಿತಕ್ಕೇ ಸೇರಿದ್ದವರು. ಆಕರಗಳನ್ನು ಶಂಕಿಸುವುದು ನಮ್ಮ ವೃತ್ತಿಯ ಅಭ್ಯಾಸ. ಆದರೆ ಪ್ರತಿಕೂಲವಾದ ಫಲವನ್ನೂ ಮರೆಮಾಚದಿರುವುದರಿಂದ ಇಲ್ಲಿ ಶಂಕೆಯನ್ನು ಬೆಳೆಸಲು ಕಾರಣವಿಲ್ಲ.

ನಮ್ಮ ಆಕ್ಷೇಪಣೆಯು ಬೇರೆಯದು. ಬೆಳೆಯಿಂದ ಬೆಳೆಗೆ ಫಲವು ಭಿನ್ನವಾದುದೇಕೆ? ಸಾಗಾಣಿಕೆಯ ತೊಡಕು, ಬಿಡ್ಡಿನ ಕ್ರಮ, ವರ್ತಕರ ಸಾಂದ್ರತೆ, ಬೆಲೆಯನ್ನು ಕಂಡುಕೊಳ್ಳುವ ವಿಧಾನ ಇವು ಲೇಖಕರ ಉತ್ತರ. ರಾಶಿಯ ಮುಂದೆ ನಿಂತ ಕೆಲಸಗಾರನ ಕುಶಲತೆಯು ಈ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಸ್ಥಾನ ಪಡೆದಿಲ್ಲ. ವ್ಯಾಪಾರದ ಕ್ರಮವನ್ನು ನೋಡಿ: ಬಾಗಿಲಲ್ಲಿ ರಾಶಿಗೊಂದು ಸಂಖ್ಯೆ ದೊರೆಯುತ್ತದೆ; ವರ್ತಕರು ಮಾದರಿಯನ್ನು ಪರೀಕ್ಷಿಸಿ ಗುಟ್ಟಾಗಿ ಬೆಲೆಯನ್ನು ನಮೂದಿಸುತ್ತಾರೆ; ಗೊತ್ತಾದ ವೇಳೆಗೆ ಹೆಚ್ಚಿನ ಬೆಲೆ ಪ್ರಕಟವಾಗುತ್ತದೆ; ರೈತನು ಒಪ್ಪಿದರೆ ತೂಕ. ದೂರದ ಊರಿನ ವರ್ತಕನು ರಾಶಿಯನ್ನು ಮುಟ್ಟಲಾರ. ಅವನು ನಂಬಬೇಕಾದುದು ಗುಣಪರೀಕ್ಷಕನ ಮಾತನ್ನು. ಆ ಮಾತಿಗೆ ಬೆಲೆಯಿಲ್ಲದಿದ್ದರೆ ಗಣಕಯಂತ್ರದ ಎದುರಿಗೂ ಅದೇ ನಾಲ್ಕಾರು ಸ್ಥಳೀಯ ವರ್ತಕರೇ ಉಳಿಯುತ್ತಾರೆ; ಏಕೀಕರಣವು ಹೆಸರಿಗೆ ಮಾತ್ರ.

ಈ ವಿದ್ಯೆಯು ನಮ್ಮಲ್ಲಿ ಇಲ್ಲದುದಲ್ಲ. ತಿಪಟೂರಿನ ಉಂಡೆ ಕೊಬ್ಬರಿಯನ್ನು ಅಲುಗಿಸಿ ಸದ್ದಿನಿಂದಲೇ ಒಣಗಿದೆಯೋ ಇಲ್ಲವೋ ಹೇಳುವವರುಂಟು. ಕಾಳನ್ನು ಹಲ್ಲಿನಡಿ ಕಡಿದು ತೇವವನ್ನು ಅಂದಾಜು ಮಾಡುವವರುಂಟು. ವಿದ್ಯಾರಣ್ಯಪುರಕ್ಕೆ ಸಮೀಪದ ಯಶವಂತಪುರದ ಪ್ರಾಂಗಣದಲ್ಲಿ ಈರುಳ್ಳಿಯನ್ನು ಗಾತ್ರಾನುಸಾರ ವಿಂಗಡಿಸುವ ಕೈಗಳ ವೇಗವನ್ನು ಯಾರು ಬೇಕಾದರೂ ನೋಡಬಹುದು. 1966ರ ಮಾರುಕಟ್ಟೆ ಅಧಿನಿಯಮದ ವ್ಯವಸ್ಥೆಯಲ್ಲಿ ಹಮಾಲರಿಗೂ ತೂಕದವರಿಗೂ ಲೈಸೆನ್ಸ್ ಉಂಟು. ಆದರೆ ಅದು ಅವರು ಹೊತ್ತ ಚೀಲಗಳಿಗೆ ಸಂದ ಮನ್ನಣೆ, ಅವರ ತಿಳಿವಿಗೆ ಸಂದುದಲ್ಲ. ಈಗ ಗ್ರಾಮೀಣ ವಾಣಿಜ್ಯಕ್ಕೆ ತರಬೇತಿ ಎಂದೊಡನೆ ಕೀಲಿಮಣೆಯ ಅಭ್ಯಾಸವೇ ಕಣ್ಮುಂದೆ ಬರುತ್ತದೆ. ಅದನ್ನು ಬುದ್ಧಿವಂತ ಹುಡುಗನು ಕೆಲವು ವಾರಗಳಲ್ಲಿ ಕಲಿಯುವನು. ಕೊಬ್ಬರಿಯ ಸದ್ದನ್ನು ಕಲಿಯಲು ಎಷ್ಟು ಸುಗ್ಗಿಗಳು ಬೇಕೋ!

ಅನುಭವದ ಅಂದಾಜು ಒಬ್ಬರಿಂದೊಬ್ಬರಿಗೆ ಬದಲಾಗುವುದೆಂದೂ, ದಲ್ಲಾಳಿಯ ಹಂಗಿನಲ್ಲಿರುವ ಕೆಲಸಗಾರನು ನಿಷ್ಪಕ್ಷಪಾತಿಯಾಗಿರುವುದು ಕಷ್ಟವೆಂದೂ ಹೇಳಬಹುದು. ಎರಡೂ ದಿಟ. ಆದುದರಿಂದಲೇ ತೇವಮಾಪಕವೂ ಬೇಕು, ಪರೀಕ್ಷಕನ ಸಂಬಳವು ದಲ್ಲಾಳಿಯ ಅಂಗಡಿಯಿಂದ ಬಾರದಿರುವುದೂ ಅವಶ್ಯ. ಹೀಗೆ ಪರೀಕ್ಷೆ ಮಾಡಿಸಿದ ರಾಶಿಗಳಿಗೂ ಮಾಡಿಸದ ರಾಶಿಗಳಿಗೂ ಒಂದೇ ಪ್ರಾಂಗಣದಲ್ಲಿ, ಒಂದೇ ವಾರದಲ್ಲಿ ದೊರೆತ ಬೆಲೆಗಳನ್ನು ಹೋಲಿಸುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳೇ ಕೈಗೊಳ್ಳಬಹುದು. ತೊಗರಿಯಿಂದಲೇ ತೊಡಗುವುದು ಒಳ್ಳೆಯದು.